ಎಲೆಗೆ ಅಡ್ಡ ಹಿಡಿದ ಕೈ

೧೯೯೬ನೆಯ ಇಸವಿ, ಮೇ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಒಂದು ಗಂಟೆ. ನಾರಾವಿಯಲ್ಲಿ ಅಕ್ಕನ ಮಗಳನ್ನು ಕೊಟ್ಟ ಮನೆ. ಮದುವೆಯ ಮರುದಿನದ ಬೀಗರ ಊಟ. ಬಂಟ್ವಾಳದಿಂದ ಜೀಪಿನಲ್ಲಿ ಹೋದವರು ಭಾವ, ನಾನು, ಮತ್ತೆ ನಾಲ್ಕಾರು ಹತ್ತಿರದವರು. ಮನೆ ತುಂಬ ನೆಂಟರು ಉಳಿದಿದ್ದ ಕಾರಣ ಅಕ್ಕ ಬಂದಿರಲಿಲ್ಲ.

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವನು. ನನ್ನ ಕೈ ಮೇಲೆದ್ದರೆ ಮೈದಾನವಿಡೀ ನಿಲ್ಲಬೇಕು, ಇಳಿದರೆ ಹೊರಡಬೇಕು. ಊಟದ ಪಂಕ್ತಿಯಲ್ಲಿ ಹಾಗಲ್ಲ. ಎಲೆಗೆ ಕೈ ಅಡ್ಡ ಹಿಡಿದವನಿಗೂ ಬಡಿಸಬೇಕು. ಒಂದು ಕೈ ಅಡ್ಡ ಬಂದರೆ ಒತ್ತಾಯ ಸಾಲದೆಂದು ಲೆಕ್ಕ. ಎರಡೂ ಕೈ ಅಡ್ಡವಿಟ್ಟು ಎಲೆಯ ಮೇಲೆ ಬಾಗಿದರೆ ಬಡಿಸುವವನು ನಗುತ್ತ ಮುಂದೆ ಹೋಗುತ್ತಾನೆ, ಅದೂ ಒಂದಿಷ್ಟು ಬೀಳಿಸಿದ ಮೇಲೆ.

ಹೋಳಿಗೆ ತಂದವರು ಸ್ವತಃ ಹುಡುಗನ ತಂದೆ. ಭಾವ ಎರಡೂ ಕೈ ಅಡ್ಡವಿಟ್ಟು ಬಾಗಿದರು. ಅವರ ಅನ್ನ ಎಲೆಯ ಅಂಚಿಗೆ ಸರಿದು ಕುಳಿತಿತ್ತು. ಸಾರು ಮಾತ್ರ ಖಾಲಿಯಾಗಿತ್ತು. ಪಕ್ಕದಲ್ಲಿದ್ದ ನನಗೆ ಅದು ಕಂಡಿತು.

"ಕೈ ತೆಗೀರಿ ಬೀಗರೆ. ಮಗಳನ್ನು ಕೊಡುವಾಗ ಇಷ್ಟು ಹಿಂದೆ ಮುಂದೆ ನೋಡಿದವರಲ್ಲ, ಒಂದು ಹೋಳಿಗೆಗೆ ಎಂತದು ನಾಚಿಕೆ?"

ಭಾವ ನಕ್ಕರು, ಕೈ ತೆಗೆಯಲಿಲ್ಲ. ಹುಡುಗನ ತಂದೆ ತಟ್ಟೆ ಹಿಡಿದು ನಿಂತೇ ಇದ್ದರು. ಮುಖದ ನಗು ಮೆಲ್ಲನೆ ಕಡಿಮೆಯಾಗತೊಡಗಿತು. ಆ ಮನೆಯಲ್ಲಿ ಹುಡುಗಿಗೆ ಅದು ಮೊದಲ ದಿನ. ಅವಳ ಅಪ್ಪನೇ ಸಿಹಿ ಬೇಡವೆಂದು ಎದ್ದರೆ ಆ ಮಾತು ಅವಳ ಮೇಲೆ ಎಷ್ಟು ವರ್ಷ ಉಳಿಯುತ್ತದೋ. ಎದುರು ಸಾಲಿನಿಂದ ಯಾರೋ, ಅವರಿಗೆ ಮಗಳೇ ಬಡಿಸಬೇಕಂತೆ ಕಾಣ್ತದೆ ಎಂದರು. ಎಲ್ಲರೂ ನಕ್ಕರು. ಹುಡುಗಿಯನ್ನು ಒಳಗಿನಿಂದ ಕರೆದರು.

ಅವಳು ತಟ್ಟೆ ತೆಗೆದುಕೊಂಡು ಬಂದಳು. ಅಪ್ಪನ ಕೈಗಳನ್ನು ನೋಡಿದಳು. ಭಾವ ಒಂದೊಂದಾಗಿ ಎರಡೂ ಕೈ ತೆಗೆದರು.

ಮೊದಲ ತುತ್ತನ್ನು ಅವರು ತುಂಬ ಹೊತ್ತು ಅಗಿದರು. ಗಂಟಲು ಕದಲಲಿಲ್ಲ. ಕಣ್ಣಲ್ಲಿ ನೀರು ಬಂತು. ಮಗಳಿಗೆ ಅದು ಬೇರೆ ಕಾರಣದ ನೀರಾಗಿ ಕಂಡಿರಬೇಕು, ಅವಳ ಕಣ್ಣೂ ತುಂಬಿತು. ಅವಳು ಒಳಗೆ ಹೋದ ಮೇಲೆ ಭಾವ ಹೆಗಲ ಬೈರಾಸನ್ನು ಬಾಯಿ ಒರೆಸುವಂತೆ ತುಟಿಗೆ ಒತ್ತಿಕೊಂಡರು. ನಾನು ಏಳಲು ಹೊರಟೆ. ಅವರ ಎಡಗೈ ನನ್ನ ತೊಡೆಯ ಮೇಲೆ ಬಂದು ಬಲವಾಗಿ ಒತ್ತಿತು. ಕುಳಿತೆ. ಉಳಿದ ಹೋಳಿಗೆಯೂ ಚೂರುಚೂರಾಗಿ ಬೈರಾಸಿಗೆ ಹೋಯಿತು. ಎಲೆಯಲ್ಲಿ ಹೋಳಿಗೆ ಉಳಿಯದ್ದನ್ನು ನೋಡಿ ಹುಡುಗನ ತಂದೆಗೆ ಸಮಾಧಾನವಾಯಿತು.

ಬರುವಾಗ ಬೆಳ್ತಂಗಡಿಯಲ್ಲಿ ಉಳಿದವರು ಚಹಾಕ್ಕೆ ಇಳಿದರು. ಜೀಪಿನಲ್ಲಿ ನಾವಿಬ್ಬರೇ. ಭಾವ ಗಂಟಲಿನ ಮೇಲೆ ಬೆರಳಿಟ್ಟರು.

"ಮಂಗಳೂರಿನಲ್ಲಿ ತೋರಿಸಿದ್ದೇನೆ. ಒಳ್ಳೆಯದಲ್ಲ."

"ಅಕ್ಕನಿಗೆ ಗೊತ್ತುಂಟಾ?"

"ಇಲ್ಲ. ಆಟಿಗೆ ಹುಡುಗಿ ಮನೆಗೆ ಬರ್ತಾಳಲ್ಲ, ಇಬ್ಬರಿಗೂ ಆಗ ಹೇಳುವ. ಅಲ್ಲಿವರೆಗೆ ನೀನು ಬಾಯಿ ಬಿಡಬೇಡ ಮಾರಾಯ."

ಮದುವೆಯಾದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಹುಡುಗಿ ತವರಿಗೆ ಬರುವುದು ನಮ್ಮಲ್ಲಿ ರೂಢಿ. ಅವಳು ಬಂದಳು. ಹೇಳುವ ಅಗತ್ಯ ಬೀಳಲಿಲ್ಲ, ಭಾವನನ್ನು ನೋಡಿದರೇ ತಿಳಿಯುವಂತಿತ್ತು.

ಬೀಗರ ಊಟದ ಆ ಸಂಜೆ ಜೀಪು ಅಂಗಳಕ್ಕೆ ಬಂದಾಗ ಅಕ್ಕ ನೆಂಟರ ನಡುವಿನಿಂದ, ಜಗಲಿಯಲ್ಲೇ ನಿಂತು, ಅಂಗೈ ಮೇಲೆ ಮಾಡಿ ತಿರುಗಿಸಿದಳು. ಹೇಗಾಯಿತು ಎಂದು. ಭಾವ ನನ್ನ ಕಡೆ ನೋಡಿದರು. ನಾನು ಬಲಗೈ ಎತ್ತಿ ಬೆರಳು ಜೋಡಿಸಿ ತೋರಿಸಿದೆ: ಬಹಳ ಚೆನ್ನಾಯಿತು. ಅವಳು ತಲೆಯಾಡಿಸಿ ಒಳಗೆ ಹೋದಳು.

ಬೈರಾಸನ್ನು ನಾನು ಭಾವನ ಹೆಗಲಿನಿಂದ ತೆಗೆದುಕೊಂಡೆ. ಬಾವಿಕಟ್ಟೆಯಲ್ಲಿ ಬಿಚ್ಚಿ, ಹೋಳಿಗೆಯ ಚೂರುಗಳನ್ನು ತೆಂಗಿನ ಬುಡಕ್ಕೆ ಕೊಡವಿದೆ. ಬೆಲ್ಲದ ಕಲೆ ಹೋಗುವ ತನಕ ಸಾಬೂನು ಹಚ್ಚಿ ಉಜ್ಜಿದೆ. ಹಿಂಡಿ, ಅಂಚಿಗೆ ಅಂಚು ಸೇರಿಸಿ ಹಗ್ಗಕ್ಕೆ ಹಾಕಿದೆ.