ಅಣ್ಣನ ಬೈಕಿಗೆ ನನ್ನ ಕಾಲು

ಬರ್ಮಾ ಗಡಿಯ ಯುದ್ಧದಿಂದ ಅಣ್ಣ ವಾಪಸು ಬಂದಾಗ ಅವನ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ, ಅಲ್ಲಿಗೆ ಮರದ ಕಾಲೊಂದನ್ನು ಕಟ್ಟಿದ್ದರು. ಸೈನ್ಯದಲ್ಲಿ ಅವನು ಬೈಕಿನ ಮೇಲೆ ಕಾಗದಪತ್ರ ಒಯ್ಯುತ್ತಿದ್ದವನು. ಕಕ್ಕಬೆಯ ನಮ್ಮ ಮನೆಯ ಜಗಲಿ ಅವನಿಗೆ ಜೈಲಾಯಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅವನನ್ನು ನೋಡಿ ನೋಡಿ ನನಗೂ ಅದೇ ಅಂಟಿಕೊಂಡಿತು. ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ಮಡಿಕೇರಿಗೆ ಹೋಗಿ ಬಂದವರೆಲ್ಲ ಮಂತ್ರಿಗಳ ಸುದ್ದಿ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಒಂದೇ ಸುದ್ದಿ: ಇವನು ಇನ್ನೊಮ್ಮೆ ತಾನೊಬ್ಬನೇ ಗೇಟು ದಾಟಿ ಹೋಗುತ್ತಾನೋ ಇಲ್ಲವೋ.

ಮಿಲಿಟರಿ ಹರಾಜಿನಲ್ಲಿ ಹಳೇ ಬೈಕೊಂದನ್ನು ಕೊಂಡು ಲಾರಿಯಲ್ಲಿ ತರಿಸಿದ. ಅವ್ವ ಹಣೆ ಚಚ್ಚಿಕೊಂಡಳು. ಗೇರು ಬದಲಿಸುವುದು ಬಲಗಾಲಲ್ಲಿ, ಕಿಕ್ ಹೊಡೆಯುವುದೂ ಬಲಗಾಲಲ್ಲಿ. ಇಲ್ಲದ ಕಾಲಿಗೇ ಎಲ್ಲ ಕೆಲಸ! ಗೇರನ್ನು ಕೈಗೆ ತರೋಣ, ಕಿಕ್ಕಿನ ವಿಷಯ ಆಮೇಲೆ ನೋಡೋಣ ಎಂದ ಅಣ್ಣ.

ರಿಪೇರಿ ಇಬ್ಬರಿಗೂ ಗೊತ್ತಿರಲಿಲ್ಲ. ಸೈನ್ಯದಲ್ಲಿ ಇವನು ಓಡಿಸಿದ್ದಷ್ಟೇ, ಬಿಚ್ಚುತ್ತಿದ್ದವರು ಬೇರೆ. ನೆಲಕ್ಕೆ ಕೂತರೆ ಏಳುವಾಗ ಯಾರಾದರೂ ಕೈ ಕೊಡಬೇಕು, ಅದು ಅವನಿಗೆ ಆಗದ ಮಾತು. ಹಾಗಾಗಿ ಅವನು ಸ್ಟೂಲಿನ ಮೇಲೆ, ನಾನು ಸ್ಪಾನರ್ ಹಿಡಿದು ನೆಲದ ಮೇಲೆ. ಬಿಗಿ ಮಾಡು ಅನ್ನುತ್ತಿದ್ದ, ಮಾಡಿದರೆ ಯಾಕೆ ಅಷ್ಟು ಬಿಗಿ ಮಾಡಿದೆ ಅನ್ನುತ್ತಿದ್ದ. ಎಷ್ಟೋ ಸಲ ಸ್ಪಾನರ್ ಅವನ ಮುಂದೆ ಎಸೆದು ಎದ್ದು ಹೋಗಿದ್ದೇನೆ. ಆದರೆ ಒಳಗೆ ಹೋಗಿ ಅಕ್ಕಿ ಆರಿಸಲು ಕೂತರೆ ಕೈ ನಿಲ್ಲದು. ಆ ಚೈನು ಸೀಮೆಎಣ್ಣೆಯಲ್ಲಿ ನೆನೆದಿದೆಯಲ್ಲ, ಉಜ್ಜಬೇಕಲ್ಲ ಎಂದು ಮತ್ತೆ ಅಂಗಳಕ್ಕೇ ಬರುತ್ತಿದ್ದೆ. ಕಾರ್ಬ್ಯುರೇಟರಿನ ಸಣ್ಣ ತೂತಿಗೆ ಸೂಜಿ ಹಾಕಿದರೆ ತೂತು ದೊಡ್ಡದಾದೀತೆಂದು ಹಂದಿಯ ಗಟ್ಟಿ ಕೂದಲು ತೂರಿಸಿ ಕಸ ತೆಗೆದೆ. ಅದು ನನ್ನದೇ ಉಪಾಯ. ಹೆಮ್ಮೆಪಟ್ಟುಕೊಂಡು ಓಡಾಡಿದೆ.

ಆ ಹೆಮ್ಮೆ ಆಟಿ ತಿಂಗಳ ಮಳೆಯಲ್ಲಿ ಇಳಿಯಿತು. ಕಿಡಿ ಹೊಡೆಯುವ ಮ್ಯಾಗ್ನೆಟೋಗೆ ತೇವ ಹಿಡಿದು ಎಂಜಿನ್ ಸುಮ್ಮನಾಯಿತು. ನಮ್ಮಲ್ಲಿ ಮಳೆಗಾಲದಲ್ಲಿ ಒಣಗದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೇ ಹೋಗುವುದು: ಏಲಕ್ಕಿ, ಮಾಂಸ, ಕಂಬಳಿ. ಮ್ಯಾಗ್ನೆಟೋವನ್ನೂ ಬಿಚ್ಚಿ, ಉಪ್ಪು ಹಚ್ಚಿದ ಹಂದಿಮಾಂಸದ ಪಕ್ಕದಲ್ಲೇ ತೂಗುಹಾಕಿದೆವು. ಕೆಲವು ದಿನ ಬಿಟ್ಟು ಇಳಿಸಿದರೆ ಒಳಗಿನ ತಂತಿಗೆ ಬಳಿದಿದ್ದ ಅರಗೆಲ್ಲ ಕರಗಿ, ಪಾಕ ಗಟ್ಟಿಯಾದ ಹಾಗೆ ಹಿಡಿದುಕೊಂಡಿದೆ. ಅಲುಗಾಡುವುದಿಲ್ಲ. ಮೈಸೂರಿಗೆ ಕಳಿಸದೆ ಗತಿಯಿರಲಿಲ್ಲ. ಮೈಸೂರೆಂದರೆ ಆಗ ಬೇರೆ ರಾಜ್ಯ, ಬೇರೆ ದೇಶವೇ ಅನ್ನುವಷ್ಟು ದೂರ. ಅದು ತಂತಿ ಸುತ್ತಿಸಿಕೊಂಡು ವಾಪಸು ಬರುವವರೆಗೆ ಅಣ್ಣ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಮಳೆ ನೋಡುತ್ತಾ ಮರದ ಕಾಲಿನಿಂದ ಜಗಲಿಯ ಹಲಗೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅಷ್ಟರಲ್ಲಿ ನನ್ನ ಮದುವೆ ಮಾತಾಯಿತು. ಬಾಳೆಲೆಯ ಕಡೆಯವರು, ಕಾಫಿ ಕೊಯ್ಲು ಮುಗಿದ ಕೂಡಲೇ ಧಾರೆ. ನನಗೆ ಗಂಡಿಗಿಂತ ಹೆಚ್ಚಾಗಿ ಬೈಕಿನ ಚಿಂತೆ ಹತ್ತಿತು. ಕಮ್ಮಾರನಿಂದ ಕಬ್ಬಿಣದ ಸರಳು ಬಡಿಸಿ ತಂದು, ಗೇರಿನ ಪೆಡಲಿಗೆ ಬೋಲ್ಟು ಹಾಕಿ ಟ್ಯಾಂಕಿನ ಪಕ್ಕಕ್ಕೆ ಎತ್ತರಿಸಿದೆ. ಮೊದಲನೆಯದು ಬಾಗಿತು. ಎರಡನೆಯದು ದಪ್ಪ ಸರಳು, ಅದು ನಿಂತಿತು. ಈಗ ಗೇರು ಅವನ ಕೈಗೆ ಬಂತು. ಕಿಕ್ ಮಾತ್ರ ನನ್ನ ಕಾಲಲ್ಲೇ ಉಳಿಯಿತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒದೆಯುತ್ತಿದ್ದೆ. ಒಮ್ಮೊಮ್ಮೆ ಅದು ತಿರುಗಿ ಒದ್ದು ಮೊಣಕಾಲ ಚಿಪ್ಪೇ ಹಾರಿಹೋದ ಹಾಗಾಗುತ್ತಿತ್ತು.

ಅವನು ಮೊದಲ ಸಲ ಗೇಟು ದಾಟಿ ಹೋದಾಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ನಾನು ಹೋದ ಮೇಲೆ ಹೇಗೆ ಎಂದು ಕೇಳಿದೆ. ಅವನು ಅದನ್ನಾಗಲೇ ಯೋಚಿಸಿದ್ದ. ಇಳಿಜಾರಿನಲ್ಲಿ ಬೈಕನ್ನು ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದರಾಯಿತು. ಗೇರು ಹಾಕಿ ಉರುಳಿಸಿ ಕ್ಲಚ್ ಬಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ. ಕೊಡಗಿನಲ್ಲಿ ಇಳಿಜಾರಿಗೆ ಬರವೇ? ಘಟ್ಟದ ಗಡಿಯ ಮಾಕುಟ್ಟದವರೆಗೂ ಹಾಗೇ ಹೋಗಿ ಬಂದು ತೋರಿಸಿದ. ನನ್ನ ಕಾಲು ಬೇಕಿಲ್ಲ ಎಂದು ತಿಳಿದ ದಿನ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತೆ.

ಆದರೆ ಬಾಳೆಲೆಯ ನನ್ನ ಗಂಡನ ಮನೆ ಇರುವುದು ಗದ್ದೆಯ ಬಯಲಿನಲ್ಲಿ. ಸುತ್ತ ಎಲ್ಲಿ ನೋಡಿದರೂ ಸಮ.

ಮದುವೆಯಾದ ಮೇಲೆ ಅಣ್ಣ ಮೊದಲ ಸಲ ಬಂದಾಗ ಅಂಗಳದಲ್ಲಿ ಬೈಕಿನಿಂದ ಇಳಿಯಲೇ ಇಲ್ಲ. ಎಂಜಿನ್ ಚಾಲೂ ಇಟ್ಟುಕೊಂಡೇ, ಅರ್ಜೆಂಟ್ ಕೆಲಸವಿದೆ ಎಂದು ಆ ಸದ್ದಿನ ಮೇಲೆ ಕಿರುಚಿ ಎರಡು ಮಾತಾಡಿ ಹೋದ. ಮುಂದಿನ ಸಲವೂ ಅದೇ. ಇಷ್ಟು ದೂರ ಬಂದು ನೀರೂ ಕುಡಿಯದೆ ಹೋಗುತ್ತಾನೆಂದರೆ ನಮ್ಮ ಮೇಲೆ ಏನೋ ಬೇಸರವಿರಬೇಕು ಎಂದರು ಅತ್ತೆ. ನನಗೆ ಗೊತ್ತಿತ್ತು. ಒಮ್ಮೆ ನಿಲ್ಲಿಸಿದರೆ ಬೈಕು ತಳ್ಳಿಕೊಡಿ ಎಂದು ಬೀಗರ ಮುಂದೆ ಕೇಳಬೇಕು. ಅದಕ್ಕಿಂತ ತಂಗಿಯ ಕೈಯ ಊಟ ಬಿಡುವುದೇ ವಾಸಿ ಅವನಿಗೆ.

ಮೂರನೆಯ ಸಲ ಬಂದಾಗ ನನಗೆ ಉರಿದುಹೋಯಿತು. ಮಾವ, ಅತ್ತೆ, ಗಂಡ ಎಲ್ಲರೂ ಅಂಗಳದಲ್ಲೇ ಇದ್ದರು. ಸೀದಾ ಹೋಗಿ ಹ್ಯಾಂಡಲಿನ ಮೇಲಿದ್ದ ಸಣ್ಣ ಲಿವರನ್ನು ಒತ್ತಿಬಿಟ್ಟೆ. ಎಂಜಿನ್ ನಿಂತಿತು. ಅಣ್ಣ ಬೀಗರ ಕಡೆ ನೋಡಿ ದನಿ ತಗ್ಗಿಸಿದ.

"ಎಂತ ಮಾಡಿದೆ ಮಾರಾಯ್ತಿ? ಇನ್ನು ಒದೆಯುವವರು ಯಾರು?"

"ನಾನು. ಮೊದಲು ಊಟ ಮಾಡು."

ತಲೆ ಎತ್ತದೆ ಉಂಡ. ಎರಡನೇ ಸಲ ಬಡಿಸಿದಾಗಲೂ ಬೇಡ ಅನ್ನಲಿಲ್ಲ. ಆಮೇಲೆ ಹೊಸ ಸೊಸೆಯಾದ ನಾನು, ಎಲ್ಲರೂ ನೋಡುತ್ತಿದ್ದಂತೆ ಸೀರೆ ಸಿಕ್ಕಿಸಿ ಒದ್ದೆ. ಮೊದಲಿಗೆ ಹೊತ್ತಲಿಲ್ಲ. ಮಾವ ಕೆಮ್ಮಿ ಒಳಗೆ ಹೋದರು. ಮತ್ತೊಮ್ಮೆ ಒದ್ದಾಗ ಹೊತ್ತಿತು. ಸೀರೆ ಇಳಿಸಿಕೋ ಎಂದರು ಅತ್ತೆ, ಅಷ್ಟೇ.

ಅಲ್ಲಿಂದ ಮುಂದೆ ಅಣ್ಣ ಬರುವಾಗಲೆಲ್ಲ ಗದ್ದೆಯ ಏರಿಯ ಮೇಲೇ ತಾನಾಗಿ ಎಂಜಿನ್ ನಿಲ್ಲಿಸಿ, ಬಂದ ವೇಗದಲ್ಲೇ ಸದ್ದಿಲ್ಲದೆ ಅಂಗಳದೊಳಕ್ಕೆ ಉರುಳಿಕೊಂಡು ಬರುತ್ತಿದ್ದ.