ಹುಳುಮನೆಯ ಮಳೆ

ಒಣಗಿದ ಎಲೆಗಳ ಮೇಲೆ ಮಳೆಯ ಮೊದಲ ಹನಿಗಳು ಬೀಳುವ ಸದ್ದಿಗೆ ಈಗಲೂ ನನ್ನ ಮೈ ಜುಂ ಎನ್ನುತ್ತದೆ. ದಿಬ್ಬೂರಹಳ್ಳಿಯಲ್ಲಿದ್ದ ನಮ್ಮಜ್ಜಿಯ ಹುಳುಮನೆಯಲ್ಲಿ ಕೇಳುತ್ತಿದ್ದದ್ದು ಇದೇ ಸದ್ದು. ಕೊನೆಯ ಸಲ ಪೊರೆ ಕಳಚಿ ಎದ್ದ ರೇಷ್ಮೆಹುಳುಗಳು ಸಾವಿರಗಟ್ಟಲೆ ಒಟ್ಟಿಗೆ ಸೊಪ್ಪು ಮೇಯುತ್ತಿದ್ದರೆ, ಹೊರಗೆ ಸುಡುಬಿಸಿಲಿದ್ದರೂ ಒಳಗೆ ಮಳೆ. ಕಿಟಕಿಗೆ ಗೋಣಿತಾಟು, ಹಸಿ ಸೊಪ್ಪಿನ ವಾಸನೆ, ಮಬ್ಬು ಬೆಳಕು. ಬಾಗಿಲ ಪಕ್ಕದ ಕಲ್ಲುತೊಟ್ಟಿಯಲ್ಲಿ ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಇನ್ನೊಂದು ಕಟ್ಟಳೆಯೂ ಇತ್ತು: ಒಳಗೆ ನಿಂತು ಯಾರೂ "ಮುಗೀತು" ಎನ್ನುವಂತಿಲ್ಲ. ಬುಟ್ಟಿಯ ಸೊಪ್ಪು ಖಾಲಿಯಾದರೆ ಅಜ್ಜಿ ಹೊರಗೆ ಬಂದು, ಬಾಗಿಲೆಳೆದುಕೊಂಡು, ಆಮೇಲೆ ಹೇಳುತ್ತಿದ್ದಳು. ನನಗೋ ನಗು. ನಿಮ್ಮ ಬಾಲ್ಯದಲ್ಲೂ ಹೀಗೆ ನಕ್ಕು ಆಮೇಲೆ ಹೆದರಿದ ಒಂದು ಮನೆ ಇದ್ದಿರಬೇಕು.

ಏಳನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು, "ನಿಮ್ಮೂರಲ್ಲಿ ಒಂದು ಜಾಗದಲ್ಲಿ ಸುಮ್ನೆ ಕೂತ್ಕೊಳ್ಳಿ. ಆ ಜಾಗ ಏನು ಹೇಳುತ್ತೋ ಅದನ್ನ ಬರ್ಕೊಂಡು ಬನ್ನಿ" ಎಂದರು. ಸಂಜೆ ಹುಳುಮನೆಯ ಮೂಲೆಯಲ್ಲಿ ಕೂತೆ. ಅದುವರೆಗೆ ನಾಲ್ಕು ಸಾಲು ನೆಟ್ಟಗೆ ಬರೆಯದ ನನ್ನಿಂದ ಆ ಸದ್ದು ಎರಡು ಪುಟ ಬರೆಸಿತು. ಕೊನೆ ಮಾತ್ರ ಹೊಳೆಯಲಿಲ್ಲ. ಹುಳುಗಳು ಮೇಯುತ್ತಲೇ ಇದ್ದವು. ಜಂಭದ ಹುಡುಗಿ ನಾನು, ನನ್ನದೇ ಒಂದು ಸಾಲು ಹೊಸೆದೆ: 'ಇದ್ದಕ್ಕಿದ್ದಂತೆ ಸದ್ದು ನಿಂತಿತು. ಎಲ್ಲ ಮುಗಿಯಿತು.' ಬರೆದದ್ದು ಸಾಲದೆಂದು, ಅಲ್ಲೇ ಸೊಪ್ಪು ಹಾಕುತ್ತಿದ್ದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳ ಕೈ ಅಲ್ಲೇ ನಿಂತಿತು. "ಯಾಕಮ್ಮ ಹಂಗೆ ಬರ್ದೆ? ಅವು ಇನ್ನೂ ತಿಂತಾ ಅವೆ ಕಣೇ" ಎಂದಳು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಸ್ಕೂಲಿನಿಂದ ಬಂದವಳು ಕಲ್ಲುತೊಟ್ಟಿಯ ಹತ್ತಿರವೇ ನಿಂತುಬಿಟ್ಟೆ. ಒಳಗೆ ಮಳೆ ಇರಲಿಲ್ಲ. ತಟ್ಟೆಗಳಲ್ಲಿ ಸೊಪ್ಪು ಹಾಕಿದ್ದು ಹಾಕಿದಂತೇ ಇತ್ತು. ಹುಳುಗಳೆಲ್ಲ ತಲೆ ಎತ್ತಿ, ಯಾರೋ ಹೇಳಿದ್ದನ್ನು ಕೇಳಿಸಿಕೊಳ್ಳುವಂತೆ ನಿಂತಿದ್ದವು. ಕೆಲವು ಹಸಿರು ಕಕ್ಕಿ ಸತ್ತಿದ್ದವು. ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಸೊಪ್ಪಿನ ಮೇಲೆ ಕೂತಿದೆ ಎಂದು ನೋಡಿದವರೆಲ್ಲ ಹೇಳಿದರು. ನಾನು ನಂಬಲಿಲ್ಲ. ನನ್ನ ಸಾಲನ್ನು ಆ ಮನೆ ಕೇಳಿಸಿಕೊಂಡಿತ್ತು. ನೋಟ್‌ಬುಕ್ಕನ್ನು ಅಟ್ಟದ ಮೇಲೆ ಎಸೆದೆ. ಆಮೇಲೆ ಬರೆಯಲು ಕೂತರೆ ಸಾಕು, ಯಾರನ್ನು ಕೊಲ್ಲುತ್ತೇನೋ ಎಂದು ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ. ಹೊಸ ಮರಿಹುಳುಗಳನ್ನು ತಂದ ದಿನ ಅಜ್ಜಿಯೇ ಆ ನೋಟ್‌ಬುಕ್ಕನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ನನ್ನ ಮಡಿಲಿಗೆ ಹಾಕಿದಳು. "ಔಷಧಿ ಗಾಳಿ ಅದು ಬಂಗಾರು, ನಿನ್ ಕೈಯಲ್ಲ. ಬರಿ. ಕೊನೆ ಮಾತ್ರ ಬರೀಬೇಡ, ಅದು ಜಾಗಕ್ಕೇ ಬಿಡು."

ಅಜ್ಜಿ ಹೋದಳು. ಹುಳುಮನೆ ಕೆಡವಿದರು, ಸೊಪ್ಪಿನ ತೋಟ ಲೇಔಟಾಯಿತು. ಅವಳಿಲ್ಲದ ಊರಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಶಿಡ್ಲಘಟ್ಟದಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾ, ಮೇಷ್ಟ್ರ ಆ ಮಾತನ್ನೇ ಅವರಿಗೂ ಹೇಳುತ್ತಾ ಬಂದಿದ್ದೇನೆ. ಹೋದ ವಾರ, ದಿಬ್ಬೂರಹಳ್ಳಿಯಿಂದ ಬಸ್ಸಿನಲ್ಲಿ ಬರುವ ಸಾನಿಯಾ ಬರೆದು ತಂದಳು: 'ನಮ್ಮ ಮನೆ ಹಿಂದೆ ಒಂದು ಖಾಲಿ ಸೈಟಿದೆ. ಸಂಜೆ ಅಲ್ಲಿ ಕೂತರೆ ಮಳೆ ಬಂದ ಹಾಗೆ ಕೇಳುತ್ತದೆ. ನೆಲ ಮುಟ್ಟಿ ನೋಡಿದೆ, ಒಣಗಿತ್ತು.'

ಯಾವ ಸೈಟು ಎಂದು ಕೇಳಿದೆ.

"ಹಳೇ ಕಲ್ಲುತೊಟ್ಟಿ ಒಂದೈತೆ ಮಿಸ್, ಅದರ ಪಕ್ಕದ್ದು" ಎಂದಳು. ಆಮೇಲೆ ಅಳುಕುತ್ತಾ, "ಎಂಡಿಂಗ್ ಹೊಳೀಲೇ ಇಲ್ಲ ಮಿಸ್. ನಾಳೆ ಮುಗಿಸ್ಕೊಂಡು ಬರ್ಲಾ?"

"ಬೇಡಮ್ಮ" ಎಂದೆ. "ಅವು ಇನ್ನೂ ತಿಂತಾ ಅವೆ."