ಅತ್ತೆಯ ಮುಂದೆ ಚಿನ್ನದ ಪರೀಕ್ಷೆ

ದಕ್ಷಿಣ ಅಮೆರಿಕದ ಪುರಾತನ ಒಡವೆಗಳ ಲೋಹ ಪರೀಕ್ಷಿಸುವುದು ನನ್ನ ಕೆಲಸ. ಕಾರವಾರದ ಕಾಲೇಜೊಂದರಲ್ಲಿ ಆ ವಿಷಯ ಮಾತಾಡಿ, ಪರೀಕ್ಷೆಯ ಯಂತ್ರದ ಸಮೇತ ಶೆಟಗೇರಿಗೆ, ಹೆಂಡತಿಯ ತವರಿಗೆ ಹೋದೆ. ಅವಳ ತಂಗಿಗೆ ಗಂಡಿನ ಕಡೆಯವರು ಹಾಕಿದ್ದ ಸರವನ್ನು ಅತ್ತೆ ಮೆಲ್ಲಗೆ ನನ್ನ ಮುಂದಿಟ್ಟರು. ಯಂತ್ರ ಒಳ್ಳೆಯ ಚಿನ್ನವೆಂದೇ ತೋರಿಸಿತು. ನನಗೆ ಸುಮ್ಮನಿರಲಾಗಲಿಲ್ಲ.

“ಇದು ಮೇಲ್ಪದರ ಮಾತ್ರ ನೋಡ್ತದೆ ಅತ್ತೆ. ದಕ್ಷಿಣ ಅಮೆರಿಕದ ಹಳೇ ಅಕ್ಕಸಾಲಿಗರು ಚಿನ್ನಕ್ಕೆ ತಾಮ್ರ ಬೆರೆಸಿ, ಹುಳಿಯಲ್ಲಿ ನೆನೆಸಿ ಮೇಲಿನ ತಾಮ್ರ ಅಷ್ಟೇ ತೆಗೀತಿದ್ರು. ಹೊರಗೆ ಚಿನ್ನ, ಒಳಗೆ ತಾಮ್ರವೇ ಜಾಸ್ತಿ. ಖಾತ್ರಿಯಾಗಬೇಕಾದ್ರೆ ಒಂಚೂರು ಕತ್ತರಿಸಿ ನೋಡ್ಬೇಕು.”

ಅತ್ತೆ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡರು. “ಬ್ಯಾಡ ಮಾರಾಯ್ರೆ. ನಿಮ್ಮನ್ನ ಒಪ್ಪಿದ್ದೂ ಮೇಲಿಂದ ನೋಡೇ ಅಲ್ದಾ?”

ನನ್ನ ಒಳಗಿನದೆಲ್ಲ ಬಲ್ಲ ಹೆಂಡತಿ, ದೇವರ ದಯೆ, ಚಹಾ ಸೋಸುತ್ತ ಸುಮ್ಮನಿದ್ದಳು.